‘ಗುಣ’ ಮತ್ತು ‘ಆರಾಮ’: ಸರಿಪಡಿಸಿದ ಹೆಣ್ಣುಮೈಯನ್ನು ಕುರಿತ ಕೆಲವು ಕಥೆಗಳ ವಿಮರ್ಶೆ

ಕನಕಗಿರಿ, ಗಂಗಾವತಿ, ಕುಷ್ಟಗಿ, ಯಲಬುರ್ಗಿಗಳ ಕಡೆ ಬೇನೆಯಿಂದ ಎದ್ದವರನ್ನು ಕಂಡರೆ ಜನ ಕೇಳುವುದು ‘ಆರಾಮ ಆತೇನು?’ ಎಂದು. ಆಸ್ಪತ್ರೆಯ ಕಾಗದಗಳಲ್ಲಿಯೂ ವೈದ್ಯಗ್ರಂಥಗಳಲ್ಲಿಯೂ ಕಾಣುವ ಮಾತು ಇದಲ್ಲ; ಅಲ್ಲಿ ರೋಗ ‘ಗುಣ’ವಾಗುತ್ತದೆ, ರೋಗಿ ‘ಗುಣಮುಖ’ನಾಗುತ್ತಾನೆ. ಎರಡು ಮಾತುಗಳಿಗೂ ಅರ್ಥ ಒಂದೇ ಎಂದು ನಿಘಂಟುಕಾರರು ಬರೆದಾರು. ಆದರೆ ಬಳಕೆಗೆ ಕಿವಿಗೊಟ್ಟರೆ ಒಂದು ಅಂತರ ತಿಳಿದುಬರುತ್ತದೆ. ಹುಣ್ಣು ಮಾಯ್ದಿದೆಯೆ, ಮೂಳೆ ಕೂಡಿದೆಯೆ ಎಂದು ಹೊರಗಿನಿಂದ ನೋಡಿ ಗುಣವಾಯಿತೆಂದು ಇನ್ನೊಬ್ಬರು ಹೇಳಬಹುದು. ಆರಾಮವಾಯಿತೆಂದು ಹೇಳಬೇಕಾದರೆ ಬೇನೆ ಉಂಡವರೇ ಹೇಳಬೇಕು. ಮೊದಲನೆಯ ಮಾತು ಸಂಸ್ಕೃತದಿಂದ ಬಂದುದು. ಎರಡನೆಯದು ಪಾರಸಿಯಿಂದ ಬಂದು ನಮ್ಮ ಬಡಗಣ ಸೀಮೆಯ ನಾಲಗೆಯಲ್ಲಿ ನೆಲೆನಿಂತುದು. ಸಂಸ್ಕೃತದಲ್ಲಿಯೂ ‘ಆರಾಮ’ವೆಂಬ ಶಬ್ದವುಂಟು, ಅದಕ್ಕೆ ಸುಖವೆಂದೂ ಹೂದೋಟವೆಂದೂ ಅರ್ಥ. ಈ ಎರಡನೆಯ ಅರ್ಥ ಮುಂದೆ ನಮಗೆ ಬೇಕಾಗುವುದು.

ಗುಣವಾದದ್ದೆಲ್ಲವೂ ಆರಾಮವಾಯಿತೆ? ಈ ಪ್ರಶ್ನೆಯನ್ನು ಯಾವ ರೋಗದ ವಿಷಯದಲ್ಲಿ ಬೇಕಾದರೂ ಕೇಳಬಹುದು. ನಾವು ಇಲ್ಲಿ ಕೇಳಹೊರಟಿರುವುದು, ಹುಟ್ಟಿನಿಂದಲೇ ಯೋನಿ ಗರ್ಭಕೋಶಗಳು ಪೂರ್ಣವಾಗಿ ರೂಪುಗೊಳ್ಳದೆ ಬೆಳೆದು, ಅನಂತರ ಚಿಕಿತ್ಸೆ ಪಡೆದ ಹೆಣ್ಣುಮಕ್ಕಳ ವಿಷಯದಲ್ಲಿ. ಚಿಕಿತ್ಸೆ ಮುಗಿದ ಮೇಲೆ ಆಕೆಯ ಕಾಮಜೀವನ ಹೇಗಿದೆ, ಆ ಜೀವನದಲ್ಲಿ ಆಕೆಗೆ ನೆಮ್ಮದಿಯುಂಟೆ, ಅದನ್ನು ಅಳೆಯುವವರು ಯಾರು, ಯಾವ ಕೋಲಿನಿಂದ? ಇದು ವೈದ್ಯರು ಚರ್ಚಿಸತಕ್ಕ ವಿಷಯ, ಭಾಷಾಸಾಹಿತ್ಯಗಳ ವಿಭಾಗಕ್ಕೆ ಇದರ ಗೊಡವೆ ಏಕೆ ಎಂದು ಆಕ್ಷೇಪಿಸುವವರಿದ್ದಾರೆ. ಅಳತೆಗೋಲು ಮಾತಿನಿಂದ ಆದದ್ದು, ಮಾತು ಕಥೆಯಿಂದ ಬಲಿತದ್ದು. ಆದುದರಿಂದ ಗೊಡವೆ ನಮ್ಮದೂ ಹೌದು. ಇಂಥ ವಿಷಯಗಳನ್ನು ಕನ್ನಡದಲ್ಲಿ ಬರೆಯುವಾಗ ಸಂಕೋಚದಿಂದ ಸಂಸ್ಕೃತದ ಮರೆಗೆ ಸರಿಯುವುದು ನಮ್ಮ ವಿದ್ವಾಂಸರ ರೂಢಿ. ಆದಷ್ಟು ಮಟ್ಟಿಗೆ ನಾವು ಆ ಮರೆಯಿಂದ ಈಚೆ ನಿಂತು ಬರೆಯಲು ಪ್ರಯತ್ನಿಸಿದ್ದೇವೆ.

ವಿಷಯದ ಪರಿಚಯವಿಲ್ಲದವರಿಗಾಗಿ ಮೊದಲು ವೈದ್ಯರು ಹೇಳುವುದನ್ನು ಸಂಗ್ರಹಿಸುತ್ತೇವೆ. ಹುಡುಗಿಗೆ ಹದಿನೈದು ಹದಿನಾರು ತುಂಬುತ್ತದೆ. ಎದೆ ಮೂಡಿದೆ, ಮೈ ತುಂಬಿದೆ, ಎತ್ತರ ಬೆಳೆದಿದ್ದಾಳೆ. ಆದರೆ ಮುಟ್ಟು ಕಾಣುವುದಿಲ್ಲ. ಓರಗೆಯವರೆಲ್ಲ ‘ದೊಡ್ಡಾಕಿ’ ಆದರೂ ಈಕೆ ಆಗಲಿಲ್ಲ. ಪರೀಕ್ಷೆ ಮಾಡಿದಾಗ ಗರ್ಭಕೋಶವಿಲ್ಲ, ಅಥವಾ ಅದರ ಕುರುಹು ಮಾತ್ರವಿದೆ. ಯೋನಿಮಾರ್ಗವಿರಬೇಕಾದಲ್ಲಿ ಸಣ್ಣ ಗುಳಿ ಮಾತ್ರ ಎಂದು ತಿಳಿಯುತ್ತದೆ. ಅಂಡಾಶಯಗಳು ಸಾಮಾನ್ಯವಾಗಿ ನೆಟ್ಟಗಿರುತ್ತವೆ. ವರ್ಣತಂತುಗಳು ಎಲ್ಲ ಹೆಂಗಸರಂತೆಯೇ ಇರುತ್ತವೆ. ಕೆಲವರಿಗೆ ಒಂದೇ ಮೂತ್ರಪಿಂಡವಿರುವುದೂ ಉಂಟು. ೧೮೨೯ರಲ್ಲಿ ಮೇಯರ್, ೧೮೩೮ರಲ್ಲಿ ರೊಕಿಟಾನ್ಸ್ಕಿ, ೧೯೧೦ರಲ್ಲಿ ಕ್ಯೂಸ್ಟರ್, ೧೯೬೧ರಲ್ಲಿ ಹೌಸರ್ ಇದನ್ನು ವರ್ಣಿಸಿದುದರಿಂದ ಆ ನಾಲ್ವರ ಹೆಸರುಗಳನ್ನು ಸೇರಿಸಿ ಈ ಲಕ್ಷಣಕೂಟವನ್ನು ಕರೆಯುವರು. ಸುಮಾರು ೪,೫೦೦ರಿಂದ ೫,೦೦೦ ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಹೀಗಾಗುತ್ತದೆಂದು ಲೆಕ್ಕ. ಒಂದು ಜಿಲ್ಲೆಯ ಜನಸಂಖ್ಯೆಯನ್ನು ಮನಸ್ಸಿಗೆ ತಂದುಕೊಂಡರೆ ಇದು ಅಪೂರ್ವವೆನ್ನುವಷ್ಟು ವಿರಳವಲ್ಲವೆಂಬುದು ಸ್ಪಷ್ಟವಾಗುವುದು. ಗರ್ಭಕೋಶ ಸರಿಯಾಗಿದ್ದು ಮಾರ್ಗದಲ್ಲಿ ಪೊರೆಯೊಂದು ಅಡ್ಡವಾಗಿರುವ ಸ್ಥಿತಿ ಬೇರೆ. ಅಲ್ಲಿ ಮುಟ್ಟಿನ ರಕ್ತ ಒಳಗೇ ಕಟ್ಟಿಕೊಂಡು ತಿಂಗಳು ತಿಂಗಳು ಹೊಟ್ಟೆನೋವು ಬರುತ್ತದೆ, ಶಸ್ತ್ರಕ್ರಿಯೆಯಿಂದ ದಾರಿ ತೆರೆಯುತ್ತದೆ. ಎರಡನ್ನೂ ಜನರು ಒಂದೇ ಎಂದು ತಿಳಿಯುವುದುಂಟು.

ಮತ್ತೊಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡಬೇಕು, ಏಕೆಂದರೆ ಇದನ್ನು ಬಿಟ್ಟು ಬರೆದುದರಿಂದಲೇ ಅನೇಕ ಬರಹಗಳು ಕೆಟ್ಟಿವೆ. ಈ ಸ್ಥಿತಿಯಲ್ಲಿ ಹೊರಗಿನ ಅಂಗಗಳು ಎಲ್ಲರಂತೆಯೇ ಇರುತ್ತವೆ. ಸುಖದ ಮುಖ್ಯ ನೆಲೆಯಾದ ಭಗಾಂಕುರವೂ ಅದರ ನರಗಳೂ ಊನವಾಗಿರುವುದಿಲ್ಲ. ಅಂಡಾಶಯಗಳು ತಮ್ಮ ಕೆಲಸವನ್ನು ಮಾಡುತ್ತಲೇ ಇರುತ್ತವೆ. ಆಸೆ ಹುಟ್ಟುವುದಕ್ಕಾಗಲಿ ಸುಖ ತುದಿಮುಟ್ಟುವುದಕ್ಕಾಗಲಿ ಬೇಕಾದ ಸಾಮಗ್ರಿ ಆಕೆಯಲ್ಲಿ ಮೊದಲಿನಿಂದಲೂ ಇದೆ. ಇಲ್ಲದಿರುವುದು ಮಾರ್ಗವೊಂದು, ಕೋಶವೊಂದು. ಹಾಗಿದ್ದರೂ ಆಕೆಯನ್ನು ಕಾಮವೇ ಇಲ್ಲದವಳೆಂದು ಬಗೆಯುವ ವಾಡಿಕೆ ಎಲ್ಲಿಂದ ಬಂತು?

ಚರಕಸಂಹಿತೆಯ ಚಿಕಿತ್ಸಾಸ್ಥಾನದ ಮೂವತ್ತನೆಯ ಅಧ್ಯಾಯದಲ್ಲಿ ಇಪ್ಪತ್ತು ಯೋನಿವ್ಯಾಪತ್ತುಗಳ ವರ್ಣನೆ ಇದೆ. ಅವುಗಳಲ್ಲಿ ಎರಡು ಹುಟ್ಟಿನಿಂದ ಬಂದವು. ‘ಸೂಚೀಮುಖಿ’ಯೆಂದರೆ ದ್ವಾರ ಸೂಜಿಯ ಮೊನೆಯಂತೆ ಕಿರಿದಾದುದು; ಮಗು ಗರ್ಭದಲ್ಲಿದ್ದಾಗ ತಾಯಿಯ ದೋಷದಿಂದ ವಾಯು ಕೆಟ್ಟು ಹೀಗಾಗುತ್ತದೆಂದು ಗ್ರಂಥದ ಅಭಿಪ್ರಾಯ. ‘ಷಂಢಿ’ಯೆಂಬುದು ಬೀಜದೋಷದಿಂದ ಗರ್ಭಾಶಯವೇ ನಾಶವಾದ ಸ್ಥಿತಿ. ಆಕೆಗೆ ಸ್ತನಗಳಿಲ್ಲ, ಆಕೆ ಪುರುಷದ್ವೇಷಿ, ಆಕೆಗೆ ಚಿಕಿತ್ಸೆಯಿಲ್ಲ ಎಂದು ಮೂರು ಮಾತುಗಳಲ್ಲಿ ಮುಗಿದುಹೋಗಿದೆ. ಈಗಿನ ವೈದ್ಯರು ಹೇಳುವ ಲಕ್ಷಣಕೂಟವೂ ಚರಕನ ಷಂಢಿಯೂ ಒಂದೇ ಎಂದು ಸಾಧಿಸಹೊರಡುವುದು ಅವಿವೇಕ. ಇವಳಿಗೆ ಸ್ತನಗಳುಂಟು, ಅವಳಿಗಿಲ್ಲ. ನಮ್ಮ ಪುರಾತನರಿಗೆ ಎಲ್ಲವೂ ಗೊತ್ತಿತ್ತೆನ್ನುವವರ ಉತ್ಸಾಹಕ್ಕೆ ಇಲ್ಲಿ ಎಡೆಯಿಲ್ಲ. ನಮಗೆ ಮುಖ್ಯವಾದುದು ಆ ವರ್ಣನೆಯ ರೀತಿ. ದೇಹಲಕ್ಷಣಗಳ ನಡುವೆ ‘ಪುರುಷದ್ವೇಷ’ವೆಂಬುದೊಂದು ಮನೋಲಕ್ಷಣ ಹೇಗೆ ನುಸುಳಿತು? ದಾರಿಯಿಲ್ಲದ ಮೈಯನ್ನು ಬಲವಂತವಾಗಿ ಸೇರಹೋದರೆ ನೋವಾಗುತ್ತದೆ. ನೋವಾದವಳು ಹಿಂದೆ ಸರಿಯುತ್ತಾಳೆ. ಹಿಂದೆ ಸರಿದುದಕ್ಕೆ ದ್ವೇಷವೆಂದು ಹೆಸರು ಬಿದ್ದಿರಬಹುದು. ಇದು ನಮ್ಮ ಊಹೆಯೇ ಹೊರತು ಪ್ರಮಾಣವಿಲ್ಲ. ಆದರೆ ತಾಯಿಯ ದೋಷವೆಂಬ ಇನ್ನೊಂದು ತೀರ್ಪು ಇಂದಿಗೂ ಊರುಗಳಲ್ಲಿ ಬದುಕಿದೆ. ಬಸುರಿಯಾಗಿದ್ದಾಗ ಗ್ರಹಣದಲ್ಲಿ ಹೊರಗೆ ಬಂದೆಯೆಂದು ಹೆತ್ತವಳನ್ನು ಹಳಿಯುವುದನ್ನು ಕೇಳದವರಾರು? ಈ ಲಕ್ಷಣಕೂಟಕ್ಕೆ ತಾಯಿಯ ಯಾವ ನಡತೆಯೂ ಕಾರಣವೆಂದು ವೈದ್ಯಶಾಸ್ತ್ರ ಕಂಡುಕೊಂಡಿಲ್ಲ.

ವೈದ್ಯಗ್ರಂಥ ಹೆಣ್ಣಿನ ಸುಖವನ್ನು ಕೇಳದೆ ಬಿಟ್ಟರೆ ಕಾಮಶಾಸ್ತ್ರ ಅದನ್ನು ಕೇಳಿತು. ವಾತ್ಸ್ಯಾಯನನು ಗಂಡಿನಂತೆ ಹೆಣ್ಣಿಗೂ ಸುಖವುಂಟೆ ಎಂಬ ಬಗ್ಗೆ ಔದ್ದಾಲಕಿಯ ಮತವನ್ನೂ ಬಾಭ್ರವ್ಯರ ಮತವನ್ನೂ ಎತ್ತಿಕೊಂಡು ಚರ್ಚಿಸಿ, ಇಬ್ಬರಿಗೂ ಸುಖ ಸಮಾನವೆಂದು ನಿರ್ಣಯಿಸಿದ್ದಾನೆ. ಆದರೆ ಅದೇ ಪ್ರಕರಣದಲ್ಲಿ ಹೆಂಗಸರನ್ನು ಆಳದ ಮೇಲಿಂದ ಮೃಗಿ, ವಡವೆ, ಹಸ್ತಿನಿಯೆಂದು ವಿಂಗಡಿಸಿಯೂ ಇದ್ದಾನೆ. ಮುಂದೆ ಕೊಕ್ಕೋಕನು ಅದಕ್ಕೆ ಆರು, ಒಂಬತ್ತು, ಹನ್ನೆರಡು ಅಂಗುಲಗಳೆಂದು ಲೆಕ್ಕವನ್ನೇ ಕಟ್ಟಿದನು. ಕನ್ನಡದಲ್ಲಿ ಹನ್ನೊಂದನೆಯ ಶತಮಾನದ ಚಂದ್ರರಾಜನ ‘ಮದನತಿಲಕ’, ಹದಿನೈದನೆಯ ಶತಮಾನದ ಕಲ್ಲರಸನ ‘ಜನವಶ್ಯ’ ಈ ಶಾಸ್ತ್ರದ ಪರಂಪರೆಗೆ ಸೇರಿದ ಕೃತಿಗಳು. ಒಂದೇ ಶಾಸ್ತ್ರದಲ್ಲಿ ಎರಡು ಅಳತೆಗಳು ಹುಟ್ಟಿದವೆಂಬುದನ್ನು ಮರೆಯಬಾರದು. ಒಂದು, ಆಕೆಯ ಸುಖವೇನೆಂಬ ಪ್ರಶ್ನೆ. ಇನ್ನೊಂದು, ಆಕೆಯ ಆಳವೆಷ್ಟೆಂಬ ಲೆಕ್ಕ. ಎರಡನೆಯದೇ ಸುಲಭವಾದುದರಿಂದ ಅದೇ ಹೆಚ್ಚು ಬಾಳಿತು.

ಈಗಿನ ಚಿಕಿತ್ಸೆಯ ಚರಿತ್ರೆಯಲ್ಲಿಯೂ ಇದೇ ಕಥೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಾಲ್ಡ್‌ವಿನ್ ಎಂಬ ಶಸ್ತ್ರವೈದ್ಯನು ಕರುಳಿನ ತುಂಡಿನಿಂದ ಮಾರ್ಗವನ್ನು ನಿರ್ಮಿಸಿದನು. ೧೯೩೮ರಲ್ಲಿ ಮೆಕಿಂಡೋ ಮತ್ತು ಬ್ಯಾನಿಸ್ಟರ್ ಎಂಬುವರು ಚರ್ಮವನ್ನು ಅಚ್ಚಿನ ಮೇಲೆ ಹೊದಿಸಿ ಕಸಿಮಾಡುವ ವಿಧಾನವನ್ನು ಪ್ರಕಟಿಸಿದರು. ಅದೇ ವರ್ಷ ಫ್ರ್ಯಾಂಕನು ಶಸ್ತ್ರವೇ ಬೇಡ, ನುಣುಪಾದ ಡೈಲೇಟರನ್ನು ಇಟ್ಟು ದಿನವೂ ಮೆಲ್ಲಗೆ ಒತ್ತುತ್ತ ಬಂದರೆ ಮೈಯ ಅಂಗಾಂಶವೇ ಹಿಗ್ಗಿ ದಾರಿಯಾಗುವುದೆಂದು ತೋರಿಸಿದನು. ೧೯೬೫ರಲ್ಲಿ ಇಟಲಿಯ ವೆಕ್ಕಿಯೆತ್ತಿಯದು ಮತ್ತೊಂದು ಬಗೆ; ಸಣ್ಣ ಗುಂಡೊಂದನ್ನು ದಾರಗಳಿಂದ ಹೊಟ್ಟೆಯ ಕಡೆಗೆ ಎಳೆದು ಹಿಗ್ಗಿಸುವುದು. ೧೯೮೧ರಲ್ಲಿ ಇಂಗ್ರಮನು ಸೈಕಲ್ಲಿನ ಸೀಟಿನಂಥ ಆಸನದ ಮೇಲೆ ಕುಳಿತು ಮೈಭಾರದಿಂದಲೇ ಒತ್ತಡ ಕೊಡುವ ಉಪಾಯ ಹೇಳಿದನು. ಚರ್ಮದ ಕಸಿಯಲ್ಲಿ ಸಹಜವಾದ ತೇವವಿರುವುದಿಲ್ಲ, ಬಿಟ್ಟರೆ ಅದು ಕುಗ್ಗುತ್ತದೆ. ಕರುಳಿನದು ಬೇಡವೆಂದರೂ ಲೋಳೆ ಒಸರುತ್ತದೆ. ಅಮೆರಿಕದ ಪ್ರಸೂತಿ ಮತ್ತು ಸ್ತ್ರೀರೋಗತಜ್ಞರ ಸಂಘವು ೨೦೧೮ರ ತನ್ನ ಅಭಿಪ್ರಾಯಪತ್ರದಲ್ಲಿ ಡೈಲೇಟರಿನ ಕ್ರಮವೇ ಮೊದಲನೆಯದಾಗಿರಬೇಕೆಂದು ಹೇಳಿದೆ. ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿಯಲ್ಲಿ ಅದು ಫಲಿಸುತ್ತದಂತೆ. ಹುಡುಗಿ ಮನಸ್ಸಿನಿಂದ ಸಿದ್ಧಳಾಗುವ ತನಕ ಆರಂಭಿಸಬಾರದೆಂದೂ, ಮನಸ್ಸಿನ ಆರೈಕೆಯೂ ಅದೇ ಸ್ಥಿತಿಯುಳ್ಳ ಇತರರ ಒಡನಾಟವೂ ಚಿಕಿತ್ಸೆಯ ಅಂಗಗಳೆಂದೂ ಅದು ಸೇರಿಸಿದೆ.

ಫಲಿಸುತ್ತದೆಂದರೆ ಏನರ್ಥ? ಬಹುಕಾಲ ಅದರ ಅರ್ಥ ಏಳೆಂಟು ಸೆಂಟಿಮೀಟರು ಎಂದಾಗಿದ್ದಿತು. ಅಥವಾ ಸಂಭೋಗ ಸಾಧ್ಯವಾಯಿತೆಂದು. ಅಂಗುಲ ಹೋಗಿ ಸೆಂಟಿಮೀಟರು ಬಂತು, ಅಷ್ಟೇ. ಚಿಕಿತ್ಸೆಯಾದ ಹೆಂಗಸರನ್ನೇ ಕೇಳಿ ನೋಡಿದ ಈಚಿನ ಅಧ್ಯಯನಗಳಲ್ಲಿ ಬೇರೆ ಚಿತ್ರ ಕಂಡಿದೆ. ಅಳತೆ ಸರಿಬಂದವರಲ್ಲಿಯೂ ನೋವು, ಅಂಜಿಕೆ, ತಾನು ಪೂರ್ತಿ ಹೆಣ್ಣಲ್ಲವೆಂಬ ಕೊರಗು ಉಳಿದಿರುವುದುಂಟು. ಅಳತೆ ಕಡಮೆಯಿದ್ದವರಲ್ಲಿ ತೃಪ್ತಿಯಿರುವುದೂ ಉಂಟು. ಆಳಕ್ಕೂ ಸುಖಕ್ಕೂ ನಡುವೆ ನೇರವಾದ ಸಮೀಕರಣವಿಲ್ಲ.

ನ್ಯಾಯಾಲಯಗಳ ಭಾಷೆ ವೈದ್ಯರದಕ್ಕಿಂತ ಭಿನ್ನವಾಗಿರಲಿಲ್ಲ. ೧೮೪೫ರಲ್ಲಿ ಲಂಡನ್ನಿನ ಧರ್ಮನ್ಯಾಯಾಲಯದಲ್ಲಿ ಲಷಿಂಗ್ಟನ್ ಎಂಬ ನ್ಯಾಯಾಧೀಶನು ಗರ್ಭಕೋಶವಿಲ್ಲದ, ಮಾರ್ಗ ಅರ್ಧಕ್ಕೇ ಮುಚ್ಚಿದ ಹೆಂಗಸೊಬ್ಬಳ ಮದುವೆಯನ್ನು ರದ್ದುಪಡಿಸಿದನು. ಅಲ್ಲಿ ನಿರ್ಣಾಯಕವಾದುದು ಸಂಭೋಗ ಪೂರ್ಣವೋ ಅಪೂರ್ಣವೋ ಎಂಬುದು. ೧೯೬೨ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯವು ಶಸ್ತ್ರಕ್ರಿಯೆಯಿಂದ ಆಗಬಹುದಾದ ಮಾರ್ಗವೂ ಸಾಕೆಂದಿತು. ನಮ್ಮ ೧೯೫೫ರ ಹಿಂದೂ ವಿವಾಹ ಕಾಯಿದೆಯ ಹನ್ನೆರಡನೆಯ ಕಲಮಿನಲ್ಲಿಯೂ, ೧೯೭೬ರ ತಿದ್ದುಪಡಿಯ ಅನಂತರವೂ, ಪ್ರಶ್ನೆ ಸಂಭೋಗ ನಡೆಯಿತೇ ಇಲ್ಲವೇ ಎಂಬುದೇ. ಅದು ಮದುವೆಯ ಕಾನೂನಿಗೆ ಸಹಜವೂ ಇರಬಹುದು; ಅದಕ್ಕೆ ಅದರದೇ ಕೆಲಸವಿದೆ. ನಾವು ಹೇಳುವುದಿಷ್ಟೆ: ಅಲ್ಲಿಂದ ಅಳತೆಗೋಲನ್ನು ಆಸ್ಪತ್ರೆಗೆ ಎರವಲು ತರುವ ಅಗತ್ಯವಿರಲಿಲ್ಲ.

ಇನ್ನು ಕಥೆಗಳ ಕಡೆಗೆ ಬರುತ್ತೇವೆ. ಹೆಣ್ಣಿನ ಮೈಯನ್ನು ಮತ್ತೆ ಮೊದಲಿನಂತೆ ಮಾಡುವ ಎರಡು ಕಥೆಗಳು ಕನ್ನಡಿಗರಿಗೆ ಪರಿಚಿತವಾಗಿವೆ. ಒಂದು ಮಹಾಭಾರತದ ಉದ್ಯೋಗಪರ್ವದಲ್ಲಿ ಬರುವ ಮಾಧವಿಯದು. ಗುರುದಕ್ಷಿಣೆಗಾಗಿ ಎಂಟುನೂರು ಕುದುರೆಗಳನ್ನು ಹುಡುಕಿಹೊರಟ ಗಾಲವನಿಗೆ ಯಯಾತಿ ತನ್ನ ಮಗಳನ್ನು ಕೊಡುತ್ತಾನೆ. ಗಾಲವ ಆಕೆಯನ್ನು ಒಬ್ಬರಾದಮೇಲೊಬ್ಬರಂತೆ ಮೂವರು ಅರಸರಿಗೆ ಒಪ್ಪಿಸಿ, ಕೊನೆಗೆ ಗುರು ವಿಶ್ವಾಮಿತ್ರನಿಗೂ ಒಪ್ಪಿಸುತ್ತಾನೆ. ಪ್ರತಿಯೊಂದು ಹೆರಿಗೆಯಾದ ಮೇಲೂ ಆಕೆ ಮತ್ತೆ ಕನ್ಯೆಯಾಗುವಳೆಂದು ಆಕೆಗೆ ವರವಿದೆ. ವೈದ್ಯೆಯೂ ಆಗಿದ್ದ ಅನುಪಮಾ ನಿರಂಜನರು (೧೯೩೪–೧೯೯೧) ಇದೇ ವಸ್ತುವನ್ನೆತ್ತಿಕೊಂಡು ‘ಮಾಧವಿ’ ಕಾದಂಬರಿಯನ್ನು ಬರೆದರು. ‘ದಾಂಪತ್ಯ ದೀಪಿಕೆ’, ‘ಸ್ತ್ರೀ ಸ್ವಾಸ್ಥ್ಯ ಸಂಹಿತೆ’ಗಳನ್ನು ಬರೆದ ಕೈಯೇ ಈ ಪುರಾಣವನ್ನೂ ಆರಿಸಿಕೊಂಡುದು ಕೇವಲ ಆಕಸ್ಮಿಕವೆಂದು ನಮಗೆ ತೋರುವುದಿಲ್ಲ.

ಮಾಧವಿಯ ಮೈ ಪ್ರತಿ ಸಲವೂ ಗುಣವಾಗುತ್ತದೆ. ಶಸ್ತ್ರವೈದ್ಯನ ಕೋಲಿನಿಂದ ಅಳೆದರೆ ಅದಕ್ಕಿಂತ ಪೂರ್ಣವಾದ ಚಿಕಿತ್ಸೆ ಮತ್ತೊಂದಿಲ್ಲ, ಗುರುತೂ ಉಳಿಯುವುದಿಲ್ಲ. ಆದರೆ ಯಾರಿಗಾಗಿ? ಮುಂದಿನ ಅರಸನಿಗಾಗಿ. ವರವು ಆಕೆಯದಾದರೂ ಅದರ ಲಾಭ ಆಕೆಯದಲ್ಲ. ಕೊನೆಯಲ್ಲಿ ತಂದೆ ಸ್ವಯಂವರವನ್ನು ಏರ್ಪಡಿಸಿದಾಗ ಆಕೆ ವರರನ್ನೆಲ್ಲ ದಾಟಿ ಹೋಗಿ ಕಾಡನ್ನೇ ಆರಿಸಿಕೊಳ್ಳುತ್ತಾಳೆ. ಇದನ್ನು ವೈರಾಗ್ಯವೆಂದು ವ್ಯಾಖ್ಯಾನಿಸುವ ಪರಿಪಾಠವಿದೆ. ನಮಗೆ ಇದು ಆಕೆ ತನ್ನ ಬಾಯಿಂದ ಆಡಿದ ಮೊದಲ ಉತ್ತರವಾಗಿ ಕಾಣುತ್ತದೆ: ಗುಣವಾಯಿತು, ಆರಾಮವಾಗಲಿಲ್ಲ. ಚರಕನ ಪಟ್ಟಿಯಲ್ಲಿ ಇಂಥವಳಿಗೂ ಪುರುಷದ್ವೇಷಿಯೆಂದೇ ಹೆಸರು ಬೀಳುತ್ತಿತ್ತೋ ಏನೋ.

ಎರಡನೆಯ ಕಥೆ ‘ಹೂವಾದ ಹುಡುಗಿ’. ಎ. ಕೆ. ರಾಮಾನುಜನ್ ಅವರು ಕನ್ನಡನಾಡಿನಲ್ಲಿ ಸಂಗ್ರಹಿಸಿ, ಹೆಂಗಸರು ಹೇಳುವ ಕಥೆಯೆಂದು ಗುರುತಿಸಿ ಚರ್ಚಿಸಿದುದು. ೧೯೯೨ರಲ್ಲಿ ಗಿರೀಶ ಕಾರ್ನಾಡರು ಇದರ ಆಧಾರದ ಮೇಲೆ ‘ಚೆಲುವಿ’ಯೆಂಬ ಹಿಂದಿ ಚಲನಚಿತ್ರವನ್ನು ಮಾಡಿದರು. ಕಥೆಯ ಮೈಕಟ್ಟು ಎಲ್ಲರಿಗೂ ತಿಳಿದುದಾದರೂ ನಮ್ಮ ವಾದಕ್ಕೆ ಬೇಕಾದಷ್ಟನ್ನು ನೆನಪಿಸುತ್ತೇವೆ. ಬಡ ಮುದುಕಿಯ ಕಿರಿಯ ಮಗಳು ಹೂಮರವಾಗಬಲ್ಲಳು. ಅದಕ್ಕೆ ಕ್ರಮವೊಂದಿದೆ, ಆ ಕ್ರಮವನ್ನು ಹೇಳಿಕೊಡುವವಳು ಆಕೆಯೇ. ನೆಲ ಸಾರಿಸಬೇಕು, ಉಗುರು ತಾಕದಂತೆ ಎರಡು ಕೊಡ ನೀರು ತರಬೇಕು, ಒಂದನ್ನು ಸುರಿದರೆ ಮರ. ಎಲೆ ಕುಡಿ ಮುರಿಯದಂತೆ ಹೂ ಬಿಡಿಸಿಕೊಂಡು ಇನ್ನೊಂದನ್ನು ಸುರಿದರೆ ಮತ್ತೆ ಹುಡುಗಿ. ಮೊದಲ ಸಲ ಅಕ್ಕ ಹಾಗೆಯೇ ಮಾಡುತ್ತಾಳೆ, ಏನೂ ಕೆಡುವುದಿಲ್ಲ. ಅರಸುಮಗ ಮರೆಯಲ್ಲಿ ನಿಂತು ಇದನ್ನು ಕಂಡು ಆಕೆಯನ್ನು ಮದುವೆಯಾಗುತ್ತಾನೆ. ಮದುವೆಯಾದ ಮೇಲೆ ಇಬ್ಬರೂ ಮಾತಿಲ್ಲದೆ ರಾತ್ರಿಗಳನ್ನು ಕಳೆಯುತ್ತಾರೆ. ಬಳಿಕ ಅವನು ನೀನು ಮರವಾಗಬೇಕೆಂದು ಕೇಳುತ್ತಾನೆ. ಆಕೆ ಅಲ್ಲಗಳೆಯುತ್ತಾಳೆ, ಒತ್ತಾಯಕ್ಕೆ ಕೊನೆಗೆ ಒಪ್ಪುತ್ತಾಳೆ. ಅಂದಿನಿಂದ ಪ್ರತಿರಾತ್ರಿ ಅವರ ಮಂಚ ಹೂವಿನಿಂದ ತುಂಬುತ್ತದೆ.

ಈ ಹೂವಿನ ಮಂಚ ದಾಂಪತ್ಯಸುಖದ ಪ್ರತಿಮೆಯೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೇಳಬೇಕಾದುದು, ಕಥೆ ಗಂಡನನ್ನು ನಿರ್ದೋಷಿಯೆಂದು ಎಲ್ಲಿಯೂ ಬಿಟ್ಟುಕೊಟ್ಟಿಲ್ಲವೆಂಬುದು. ಅವನು ಕದ್ದು ನೋಡಿದವನು. ಆಕೆಯನ್ನು ಬಯಸಿದುದಕ್ಕಿಂತ ಆಕೆ ಮಾಡಬಲ್ಲ ಅದ್ಭುತವನ್ನು ಹೆಚ್ಚಾಗಿ ಬಯಸಿದವನು. ಅನಾಹುತಕ್ಕೆ ದಾರಿ ಅಲ್ಲಿಯೇ ಬಿತ್ತು. ಬಾಡಿದ ಹೂಗಳ ರಾಶಿಯನ್ನು ಕಂಡು ನಾದಿನಿಗೆ ಗುಟ್ಟು ತಿಳಿಯುತ್ತದೆ. ಅವಳು ಅತ್ತಿಗೆಯನ್ನು ತೋಟಕ್ಕೆ ಕರೆದೊಯ್ದು ಗೆಳತಿಯರೆದುರಿಗೆ ಮರವಾಗೆಂದು ಪೀಡಿಸುತ್ತಾಳೆ. ಆ ಹುಡುಗಿಯರು ಹೇಳಿದ ಕ್ರಮವನ್ನು ಲಕ್ಷಿಸದೆ ಕೊಂಬೆ ಮುರಿದು ಹೂ ಕಿತ್ತು, ಎರಡನೆಯ ಕೊಡವನ್ನು ಹೇಗೆ ಹೇಗೋ ಸುರಿದು ಓಡಿಹೋಗುತ್ತಾರೆ. ಉಳಿಯುವುದು ಅತ್ತ ಮರವೂ ಅಲ್ಲದ, ಇತ್ತ ಹೆಣ್ಣೂ ಅಲ್ಲದ, ಕೈಕಾಲಿಲ್ಲದ ಮೈ. ಇದೆಲ್ಲ ನಡೆದುದು ಆರಾಮದಲ್ಲಿ, ಎಂದರೆ ತೋಟದಲ್ಲಿ, ಎಂದು ಶಬ್ದಪ್ರಿಯರಾದ ನಾವು ಗುರುತಿಸಿಕೊಳ್ಳದೆ ಇರಲಾರೆವು.

ಅನಂತರದ ಭಾಗವೇ ನಮ್ಮ ವಿಷಯಕ್ಕೆ ಸಾರವಾದುದು. ಆ ಮೈಯನ್ನು ದಾರಿಹೋಕರು ಎತ್ತಿಕೊಂಡು ಹೋಗಿ, ಕೊನೆಗೆ ಅದು ಅರಸುಮಗನ ಅಕ್ಕನ ಊರನ್ನು ಸೇರುತ್ತದೆ. ಅಲ್ಲಿಯವರು ಮರುಕವುಳ್ಳವರು. ಮೀಯಿಸಿ, ಎಣ್ಣೆ ಹಚ್ಚಿ, ಒಳ್ಳೆಯ ಬಟ್ಟೆ ಉಡಿಸಿ ಅರಮನೆಯ ಬಾಗಿಲಲ್ಲಿ ಕುಳ್ಳಿರಿಸುತ್ತಾರೆ. ಆರೈಕೆಗೆ ಕೊರತೆಯಿಲ್ಲ, ಆದರೆ ಯಾರೂ ಆಕೆಯನ್ನು ನಿನಗೇನಾಯಿತೆಂದು ಕೇಳಲಿಲ್ಲ. ಹೆಂಡತಿಯನ್ನು ಕಳೆದುಕೊಂಡು ಅಲೆದಲೆದು ಸೊರಗಿದ ಅರಸುಮಗನೂ ಅಲ್ಲಿಗೇ ಬರುತ್ತಾನೆ. ಆಕೆಯನ್ನು ಅವನ ಕೋಣೆಗೆ ಕಳುಹಿಸುತ್ತಾರೆ. ಅವನು ಗುರುತು ಹಿಡಿಯುತ್ತಾನೆ. ಈಗ ಅವನು ಕೇಳುತ್ತಾನೆ, ಆಕೆ ಹೇಳುತ್ತಾಳೆ: ನೀರು ತಂದು ಸುರಿ, ಮರವಾದಾಗ ಮುರಿದ ಕೊಂಬೆಯನ್ನು ನೆಟ್ಟ ಮಾಡು, ಹರಿದ ಎಲೆಯನ್ನು ಕೂಡಿಸು, ಆಮೇಲೆ ಎರಡನೆಯ ಕೊಡ. ಅವನು ಒಂದನ್ನೂ ಬಿಡದೆ ಮಾಡುತ್ತಾನೆ. ಈ ಸಲದ ಮರ ಅವನ ನೋಟಕ್ಕಾಗಿ ಅರಳಿದುದಲ್ಲ. ಎರಡು ಕೊಡಗಳು ಅವೇ, ಕ್ರಮವೂ ಅದೇ. ಆಜ್ಞೆ ಯಾರದೆಂಬುದು ಮಾತ್ರ ಬದಲಾಯಿತು.

ಈ ಕಥೆಯನ್ನು ಹೇಳಿದ ಹೆಂಗಸರ ಮನಸ್ಸಿನಲ್ಲಿ ಯೋನಿಮಾರ್ಗದ ಚಿಕಿತ್ಸೆಯಿತ್ತೆಂದು ಸಾಧಿಸುವುದು ನಮ್ಮ ಉದ್ದೇಶವಲ್ಲ. ಕಥೆಯನ್ನು ರೂಪಕದ ಗೂಟಕ್ಕೆ ಕಟ್ಟಿ ಹಾಲು ಕರೆಯುವ ವಿಮರ್ಶೆ ನಮಗೂ ರುಚಿಸದು. ಅಲ್ಲದೆ ಒಂದು ಮುಖ್ಯ ವ್ಯತ್ಯಾಸವೂ ಇದೆ: ಹೂವಾದ ಹುಡುಗಿಯ ಮೈಯನ್ನು ಇತರರು ಮುರಿದರು, ನಾವು ಹೇಳುವ ಹುಡುಗಿಯ ಮೈ ಮುರಿದುದಲ್ಲ, ಹುಟ್ಟಿದುದೇ ಹಾಗೆ. ಅವಳನ್ನು ‘ಮೊದಲಿನಂತೆ’ ಮಾಡುವುದೆಂಬ ಮಾತಿಗೆ ಅರ್ಥವೇ ಇಲ್ಲ. ಮೊದಲಿನದು ಎಂಬುದು ಇರಲೇ ಇಲ್ಲ. ಆದುದರಿಂದಲೇ ಯಾವುದು ಪೂರ್ಣವೆಂಬ ನಿರ್ಣಯ ಹೊರಗಿನವರ ಕೈಗೆ ಬಹುಬೇಗ ಜಾರುತ್ತದೆ. ಡೈಲೇಟರಿನ ಕ್ರಮವನ್ನು ಮತ್ತೆ ನೆನೆಯಿರಿ. ತಿಂಗಳುಗಟ್ಟಲೆ, ದಿನಕ್ಕೆ ಹಲವು ನಿಮಿಷ, ಬಾಗಿಲು ಮುಚ್ಚಿಕೊಂಡು, ತನ್ನ ಕೈಯಿಂದಲೇ ಮಾಡಿಕೊಳ್ಳಬೇಕಾದ ಕೆಲಸ. ಒಂದೇ ಕೋಣೆಯಲ್ಲಿ ಆರು ಮಂದಿ ಮಲಗುವ ಮನೆಯಲ್ಲಿ ಆ ಬಾಗಿಲು ಯಾವುದು? ‘ಬೇಗ ಮುಗಿಸು, ಮದುವೆ ಗೊತ್ತಾಗಿದೆ’ ಎಂದು ತಾಯಿ ಅವಸರಪಡಿಸಿದರೆ ಅದು ತೋಟದ ಎರಡನೆಯ ಕೊಡ. ಹುಡುಗಿ ತನಗೆ ಬೇಕೆನಿಸಿದಾಗ, ತನ್ನ ಮೈಯ ಪರಿಚಯಕ್ಕಾಗಿ ತೊಡಗಿದರೆ ಅದೇ ಸಾಧನ ಬೇರೆಯೇ ಆಗುತ್ತದೆ. ಬೇಡವೆನ್ನುವ ಹಕ್ಕೂ ಅದರಲ್ಲಿ ಸೇರಿದೆ. ಮಾರ್ಗವಿಲ್ಲದೆಯೂ ಸುಖವುಂಟೆಂಬುದನ್ನು ಹಿಂದೆಯೇ ಹೇಳಿದೆವು.

ನಮ್ಮ ಸೀಮೆಯಲ್ಲಿ ಈ ಮಾತು ಮತ್ತಷ್ಟು ಗಂಟಾಗುವುದಕ್ಕೆ ಕಾರಣ, ಹೆಣ್ಣಿನ ಮೈಗೆ ಸಂಬಂಧಿಸಿದ ನಮ್ಮ ಆಚಾರಗಳೆಲ್ಲ ‘ಉಡಿ’ಯ ಸುತ್ತ ಹೆಣೆದುಕೊಂಡಿರುವುದು. ಮೈನೆರೆದಾಗ ಉಡಿ, ಮದುವೆಯಲ್ಲಿ ಉಡಿ, ಕುಬಸದಲ್ಲಿ ಉಡಿ. ಹುಲಿಗಿಯ ಹುಲಿಗೆಮ್ಮನಿಗೂ ಹೆಂಗಸರು ಅಕ್ಕಿ, ಕೊಬ್ಬರಿ, ಕಣ ಇಟ್ಟು ಉಡಿ ತುಂಬುತ್ತಾರೆ. ಆಚಾರ ಚೆಲುವಾದುದು, ಅದನ್ನು ಹಳಿಯುವುದು ಸುಲಭ, ಅದರೊಳಗೆ ಬೆಳೆದವಳ ಸಂಕಟವನ್ನು ತಿಳಿಯುವುದು ಕಷ್ಟ. ಉಡಿ ಖಾಲಿಯೆಂದು ಹದಿನಾರನೆಯ ವಯಸ್ಸಿಗೇ ಗೊತ್ತಾದ ಹುಡುಗಿಗೆ ಬಂಜೆತನದ ದುಃಖ ಮೊದಲು ಬರುತ್ತದೆ. ಸುಖದ ಪ್ರಶ್ನೆ ಆ ದುಃಖದ ಹಿಂದೆ ಮರೆಯಾಗುತ್ತದೆ. ರಾಜ್ಯವೂ ಕಂಡಿರುವುದು ಉಡಿಯನ್ನೇ. ೨೦೨೧ರ ಬಾಡಿಗೆ ತಾಯ್ತನದ ಕಾಯಿದೆಯ ಕೆಳಗೆ ೨೦೨೨ರಲ್ಲಿ ಬಂದ ನಿಯಮಗಳು ಗರ್ಭಕೋಶವಿಲ್ಲದಿರುವುದನ್ನು ಹೆಸರಿಸಿ ಅವಕಾಶ ಕೊಟ್ಟಿವೆ. ೨೦೨೩ರ ಅಕ್ಟೋಬರಿನಲ್ಲಿ ಇದೇ ಲಕ್ಷಣಕೂಟವುಳ್ಳ, ಅಂಡವೂ ದೊರೆಯದ ಮಹಿಳೆಯೊಬ್ಬರ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು ದಾನಿಯ ಅಂಡವನ್ನು ತಡೆಯುತ್ತಿದ್ದ ನಿಯಮಕ್ಕೆ ತಡೆ ಕೊಟ್ಟಿತು. ೨೦೨೪ರ ಫೆಬ್ರುವರಿಯಲ್ಲಿ ಸರ್ಕಾರ ನಿಯಮವನ್ನೇ ತಿದ್ದಿತು. ಸ್ವೀಡನ್ನಿನಲ್ಲಿ ೨೦೧೪ರಲ್ಲಿ ಕಸಿಮಾಡಿದ ಗರ್ಭಕೋಶದಿಂದ ಮೊದಲ ಮಗುವನ್ನು ಹೆತ್ತವಳೂ ಹುಟ್ಟಿನಿಂದ ಗರ್ಭಕೋಶವಿಲ್ಲದವಳೇ. ಇವೆಲ್ಲ ಒಳ್ಳೆಯವೇ. ಆದರೂ ಮಗುವಿನ ವಿಷಯದಲ್ಲಿ ಇಷ್ಟು ಮಾತು ನಡೆದುದನ್ನು ನೋಡಿದರೆ, ಮಗುವಿಲ್ಲದ ರಾತ್ರಿಗಳ ವಿಷಯದಲ್ಲಿ ಮಾತೇ ನಡೆಯದಿರುವುದು ಇನ್ನೂ ಎದ್ದು ಕಾಣುತ್ತದೆ.

ಕೊನೆಗೆ, ಆಕೆಯನ್ನೇ ಕೇಳುತ್ತೇವೆಂದು ಹೊರಟರೂ ಮಾತಿನ ತೊಡಕು ತಪ್ಪದು. ಹೆಂಗಸರ ಕಾಮಜೀವನವನ್ನು ಅಳೆಯಲು ೨೦೦೦ದಲ್ಲಿ ಅಮೆರಿಕದಲ್ಲಿ ಸಿದ್ಧವಾದ ಹತ್ತೊಂಬತ್ತು ಪ್ರಶ್ನೆಗಳ ಪಟ್ಟಿಯೊಂದನ್ನು ಈಗ ಲೋಕವೆಲ್ಲ ಬಳಸುತ್ತಿದೆ. ಆಸೆ, ಉದ್ರೇಕ, ತೇವ, ಸುಖದ ತುದಿ, ತೃಪ್ತಿ, ನೋವು ಎಂಬ ಆರು ವಿಭಾಗಗಳು. ಕೇಳುವುದು ಹಿಂದಿನ ನಾಲ್ಕು ವಾರಗಳ ವಿಷಯ. ಗಂಡ ಊರಲ್ಲಿಲ್ಲದವಳಿಗೆ, ಮದುವೆಯೇ ಆಗದವಳಿಗೆ ಅನೇಕ ಪ್ರಶ್ನೆಗಳಲ್ಲಿ ಸೊನ್ನೆ ಬೀಳುತ್ತದೆ. ಸುಗ್ಗಿ ಮುಗಿದ ಮೇಲೆ ದುಡಿಯಲು ಬೆಂಗಳೂರಿಗೂ ಗೋವೆಗೂ ಗಂಡಸರು ಹೊರಡುವ ಊರುಗಳಲ್ಲಿ ನಾಲ್ಕು ವಾರಗಳ ಲೆಕ್ಕ ಏನು ಹೇಳೀತು? ಇರಲಿ, ಅದು ಎಣಿಕೆಯ ದೋಷ. ನಮ್ಮ ಕಣ್ಣಿಗೆ ಬೀಳುವುದು ಅನುವಾದ. ಮೊದಲನೆಯ ಪ್ರಶ್ನೆಯಲ್ಲಿರುವ ಶಬ್ದಕ್ಕೆ ಪುಸ್ತಕದ ಕನ್ನಡದಲ್ಲಿ ಯಾರಿಗಾದರೂ ಹೊಳೆಯುವುದು ‘ಬಯಕೆ’. ಆದರೆ ಹೆಂಗಸರ ಮಾತಿನಲ್ಲಿ ‘ಬಯಕಿ’ಯೆಂದರೆ ಬಸುರಿಯ ಬಯಕೆ, ಹುಳಿಮಾವು, ಹಸಿಮಣ್ಣುಗಳ ಬಯಕೆ. ಗರ್ಭಕೋಶವಿಲ್ಲದವಳನ್ನು ಎದುರಿಗೆ ಕೂಡಿಸಿಕೊಂಡು ‘ನಿಮಗೆ ಬಯಕೆ ಎಷ್ಟು ಸಲ ಆಯಿತು?’ ಎಂದು ಕೇಳಿದರೆ ಆಕೆ ಎದ್ದುಹೋದಾಳು. ಎದ್ದುಹೋದುದನ್ನು ಬರೆದುಕೊಳ್ಳಲು ಪಟ್ಟಿಯಲ್ಲಿ ಸ್ಥಳವಿಲ್ಲ.

‘ಕಾಮೇಚ್ಛೆ’ಯೆಂದರೆ ಆಕೆಗೆ ಅರ್ಥವಾಗದು, ಅರ್ಥವಾದರೆ ನಾಚಿಕೆಯಾದೀತು. ‘ಆಸೆ’ಯೆಂದರೆ ಒಡವೆವಸ್ತುವಿನ ಆಸೆಯ ಕಡೆಗೆ ವಾಲುತ್ತದೆ. ನಮಗೆ ತೋರುವಂತೆ ಹತ್ತಿರದ ಮಾತು ‘ಮನಸ್ಸು’: ‘ನಿನಗ ಮನಸ್ಸ ಆಗ್ತೈತೇನವ್ವಾ?’ ಅದಕ್ಕೆ ಹೌದೆನ್ನಬಹುದು, ಇಲ್ಲವೆನ್ನಬಹುದು, ಸುಮ್ಮನೆ ನಗಬಹುದು. ತೃಪ್ತಿಗೆ ‘ಆರಾಮ’ ಸಾಕಾದೀತೇ ಎಂಬುದರಲ್ಲಿ ನಮ್ಮೊಳಗೇ ಭಿನ್ನಾಭಿಪ್ರಾಯವಿದೆ. ನೋವಿಲ್ಲವೆಂಬಷ್ಟೇ ಅರ್ಥವನ್ನು ಅದು ಕೊಡಬಹುದೆಂದು ಕೆಲವರ ಶಂಕೆ. ಯಲಬುರ್ಗಿ, ಕುಷ್ಟಗಿಗಳ ಕಡೆಯಿಂದ ಬಂದ ನಮ್ಮ ವಿದ್ಯಾರ್ಥಿನಿಯರು ತಮ್ಮ ಅಜ್ಜಿಯರನ್ನೂ ಸೂಲಗಿತ್ತಿಯರನ್ನೂ ಕೇಳಿ ಇನ್ನೂ ಒಳ್ಳೆಯ ಮಾತುಗಳನ್ನು ತಂದುಕೊಟ್ಟರೆ ಮುಂದಿನ ಸಂಚಿಕೆಯಲ್ಲಿ ಅವನ್ನು ಅಚ್ಚುಮಾಡುತ್ತೇವೆ.